ರೆಫರಲ್ ಕಮಿಷನ್‌ಗೆ ಸುಳ್ಳು ಆರ್ಡರ್ ಕಾಟ, ತಡೆಯೋದು ಹೇಗೆ?

ಕೋಟೆ_ಕೋಡರ್, ಬಳ್ಳಾರಿ
ಇಲ್ಲಿ ಜೀನ್ಸ್ ಹೊಲಿಸಿ ಆನ್‌ಲೈನ್‌ನಲ್ಲಿ ಮಾರುವ ಅಂಗಡಿಯೊಂದರ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಕಾಲೇಜು ಹುಡುಗರಿಗೆ, ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಮಾಡುವವರಿಗೆ ಲಿಂಕ್ ಕೊಟ್ಟಿದ್ದೇವೆ, ಆ ಲಿಂಕಿನಿಂದ ಆರ್ಡರ್ ಬಂದರೆ ಪ್ಯಾಂಟಿಗೆ 50 ರೂಪಾಯಿ ಕಮಿಷನ್. ಈಗ ಕೆಲವರು ಬೇರೆ ಸಿಮ್ ನಂಬರ್ ಹಾಕಿ ತಮ್ಮದೇ ಲಿಂಕಿನಿಂದ ಕ್ಯಾಶ್ ಆನ್ ಡೆಲಿವರಿ ಆರ್ಡರ್ ಮಾಡಿ, ಕಮಿಷನ್ ವ್ಯಾಲೆಟ್ಟಿಗೆ ಬಿದ್ದ ಮೇಲೆ ಪಾರ್ಸೆಲ್ ಬೇಡ ಅನ್ನುತ್ತಾರೆ. ಇನ್ನೊಂದು ಕಡೆ ನಿಜವಾಗಿ ಗಿರಾಕಿ ತಂದವರು, ಅದರಲ್ಲೂ ಐಫೋನ್ ಗಿರಾಕಿ ತಂದವರು, ‘ನನ್ನ ಆರ್ಡರ್ ಲೆಕ್ಕಕ್ಕೇ ಬಂದಿಲ್ಲ’ ಅಂತ ಫೋನ್ ಮಾಡುತ್ತಾರೆ. ಒಂದೇ ಐಪಿಯಿಂದ (ಇಂಟರ್ನೆಟ್‌ನಲ್ಲಿ ಕಾಣುವ ನಂಬರಿನ ವಿಳಾಸ) ಬಂದ ಆರ್ಡರ್‌ಗಳನ್ನೆಲ್ಲ ತಡೆದುಬಿಡಲಾ?

ಬ್ಯಾಕೆಂಡ್_ರಾಯಚೂರು
ಬೇಡ ಅಣ್ಣಾ. ಮೊಬೈಲ್ ನೆಟ್‌ವರ್ಕ್‌ನಲ್ಲಿ ಎಷ್ಟೋ ಜನರಿಗೆ ಹೊರಗೆ ಕಾಣೋದು ಒಂದೇ ಐಪಿ, ಹಾಸ್ಟೆಲ್ ವೈಫೈ ಕೂಡ ಅಷ್ಟೇ. ನಿಜವಾಗಿ ದುಡಿದ ಹುಡುಗನ ಹೊಟ್ಟೆ ಮೇಲೆ ಸುಮ್ನೆ ಹೊಡೆದಂತಾಗುತ್ತದೆ. ಐಪಿಯನ್ನು ಸುಳಿವು ಅಂತ ಇಟ್ಟುಕೊಳ್ಳಿ, ಸಾಕ್ಷಿ ಅಂತಲ್ಲ. ಕಮಿಷನ್ ಹೋಗುವ ಯುಪಿಐ ಐಡಿಯಿಂದಲೇ ಆರ್ಡರ್ ದುಡ್ಡು ಬಂತಾ, ಡೆಲಿವರಿ ವಿಳಾಸ ಲಿಂಕ್ ಹಂಚಿದವನದ್ದೇನಾ, ಇವು ಗಟ್ಟಿ ಗುರುತು.

ಐಫೋನ್ ವಿಷಯ: ಅದರ ಬ್ರೌಸರ್ ಸಫಾರಿಯಲ್ಲಿ, ಪೇಜಿನೊಳಗಿನ ಜಾವಾಸ್ಕ್ರಿಪ್ಟ್ ಕೋಡ್ ಇಟ್ಟ ಕುಕಿ (ಯಾರ ಲಿಂಕಿನಿಂದ ಬಂದರು ಅಂತ ಬ್ರೌಸರ್‌ನಲ್ಲಿ ಉಳಿಸುವ ಚೀಟಿ) 2019ರಿಂದ ಹೆಚ್ಚೆಂದರೆ 7 ದಿನ ಉಳಿಯುತ್ತದೆ. ಜೊತೆಗೆ ಇನ್‌ಸ್ಟಾಗ್ರಾಂ ಒಳಗೇ ತೆರೆಯುವ ಬ್ರೌಸರ್‌ನಲ್ಲಿ ಪ್ಯಾಂಟ್ ನೋಡಿ, ಸಂಜೆ ಸಫಾರಿಯಲ್ಲಿ ಕೊಳ್ಳುವವರ ಕುಕಿ ಅಲ್ಲಿಗೆ ಬರೋದೇ ಇಲ್ಲ. ಪ್ರತಿ ಕ್ಲಿಕ್ಕಿಗೂ ಸರ್ವರ್‌ನಲ್ಲೇ ಒಂದು ಐಡಿ ಮಾಡಿ, ಸಮಯದ ಸಮೇತ ಬರೆದಿಡಿ, ಕುಕಿಯನ್ನೂ ಸರ್ವರ್‌ನಿಂದಲೇ ಇಡಿ. ಬ್ರೌಸರ್ ಬದಲಾದರೂ ಉಳಿಯಬೇಕು ಅಂದರೆ, ಗಿರಾಕಿ ದುಡ್ಡು ಕಟ್ಟುವ ಪೇಜಲ್ಲಿ ಟೈಪ್ ಮಾಡುವಂಥ ಚಿಕ್ಕ ಕೋಡ್ ಕೂಡ ಲಿಂಕ್ ಹಂಚುವವರಿಗೆ ಕೊಡಿ.

ಭತ್ತದ_ನಾಡು, ಗಂಗಾವತಿ
ಆರ್ಡರ್ ಬಿದ್ದ ಕೂಡಲೇ ಕಮಿಷನ್ ಕೊಡೋದೇ ಮೂಲ ರೋಗ. ದುಡ್ಡು ಕೈಸೇರಿ, ವಾಪಸ್ ಮಾಡುವ ಗಡುವು ಮುಗಿಯೋವರೆಗೆ ಅದು ‘ಬಾಕಿ’ ಅಂತಲೇ ಇರಲಿ. ಲೆಕ್ಕದ ಟೇಬಲ್ ನಮ್ಮ ಅಡತ್ ಅಂಗಡಿಯ ಖಾತೆ ಪುಸ್ತಕದ ಹಾಗೆ ಇರಬೇಕು: ಬರೆದ ಸಾಲನ್ನು ತಿದ್ದಬಾರದು, ಪ್ಯಾಂಟು ವಾಪಸ್ ಬಂದರೆ ಮೈನಸ್ 50ರ ಹೊಸ ಸಾಲು. ಆಗ ಜಗಳ ಬಂದಾಗ ಏನಾಯಿತು ಅಂತ ತೋರಿಸಬಹುದು.

ಇನ್ನೊಂದು, ಪೇಮೆಂಟ್ ಗೇಟ್‌ವೇ (ಆನ್‌ಲೈನ್ ದುಡ್ಡು ತೆಗೆದುಕೊಡುವ ಸೇವೆ) ಒಂದೇ ವೆಬ್‌ಹುಕ್ಕನ್ನು, ಅಂದರೆ ದುಡ್ಡು ಬಂತು ಅಂತ ನಮ್ಮ ಸರ್ವರ್‌ಗೆ ಬರುವ ಸಂದೇಶವನ್ನು, ಎರಡು ಸಲ ಕಳಿಸಬಹುದು, ಅದು ತಪ್ಪಲ್ಲ, ಅದರ ರೀತಿಯೇ ಹಾಗೆ. ಆ ಸಂದೇಶದ ಇವೆಂಟ್ ಐಡಿ ಮೇಲೆ ಯೂನಿಕ್ ಇಂಡೆಕ್ಸ್ (ಒಂದೇ ಐಡಿ ಎರಡು ಸಲ ಬರೆಯಲು ಬಿಡದ ಟೇಬಲ್ ನಿಯಮ) ಹಾಕಿದರೆ ಎರಡನೆಯದು ತಾನೇ ಬಿದ್ದುಹೋಗುತ್ತದೆ. ಗೇಟ್‌ವೇ ರೇಜರ್‌ಪೇ ಆಗಿದ್ದರೆ ಜೊತೆಗೆ ಎಸ್‌ಎಚ್‌ಎ-256 ಸಹಿ (ಸಂದೇಶ ಅವರದೇ ಅಂತ ತೋರಿಸುವ ಗುರುತು) ಬರುತ್ತದೆ, ಸಂದೇಶದ ಜೇಸನ್ (ಮಾಹಿತಿ ಬರೆದಿರುವ ರೂಪ) ಬಿಡಿಸುವ ಮೊದಲು, ಬಂದ ರೂಪದಲ್ಲೇ ಸಹಿ ತಾಳೆ ನೋಡಿ.

ಕೋಟೆ_ಕೋಡರ್
ಬಾಕಿ ಇಟ್ಟರೆ ಹುಡುಗರು ಸುಮ್ಮನಿರ್ತಾರಾ?

ಬ್ಯಾಕೆಂಡ್_ರಾಯಚೂರು
ಅವರಿಗೂ ಕಾಣಿಸಿ. ಯಾವ ಆರ್ಡರ್, ಯಾಕೆ ನಿಂತಿದೆ, ಯಾವ ತಾರೀಖಿಗೆ ಬಿಡುಗಡೆ, ಇಷ್ಟು ಅವರ ಪೇಜಲ್ಲಿ ಇರಲಿ. ಅನುಮಾನದಿಂದ ತಡೆಹಿಡಿದ ಆರ್ಡರ್‌ಗಳನ್ನು ಮಾತ್ರ ಕಂಪ್ಯೂಟರಿಗೆ ಬಿಡಬೇಡಿ, ಯಾರಾದರೂ ಕೂತು ನೋಡಿ ತೀರ್ಮಾನ ಮಾಡಲಿ.