ಇಪ್ಪತ್ತು ಜನರ ಮಷಿನ್ ಶಾಪ್‌ಗೆ ಇಆರ್‌ಪಿ (ಸ್ಟೋರ್ಸ್, ಖರೀದಿ, ಲೆಕ್ಕ ಎಲ್ಲಾ ಒಂದೇ ಕಡೆ ಇಡೋ ಸಾಫ್ಟ್‌ವೇರ್) ಬೇಕಾ, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಸಾಕಾ?

ಪೀಣ್ಯ_ಟರ್ನರ್: ಬೇಕೇ ಬೇಕು. ಟ್ಯಾಲಿಯಲ್ಲಿ ಬಿಲ್ ಆಗುತ್ತೆ, ಆದ್ರೆ ಪ್ಲೇಟಿಂಗ್‌ಗೆ (ಲೋಹದ ಲೇಪನಕ್ಕೆ) ಹೊರಗೆ ಹೋದ ಮಾಲು ಯಾವ ಚಲನ್‌ನಲ್ಲಿ (ಮಾಲಿನ ಜೊತೆ ಹೋಗೋ ಚೀಟಿಯಲ್ಲಿ) ಬಾಕಿ ಇದೆ ಅಂತ ಗೊತ್ತಾಗಲ್ಲ. ಮೊದಲು ಸ್ಟೋರ್ಸ್, ಪರ್ಚೇಸ್, ಜಾಬ್ ವರ್ಕ್ (ಹೊರಗೆ ಕೊಟ್ಟು ಮಾಡಿಸೋ ಕೆಲಸ) ಮಾತ್ರ ಹಾಕಿ, ಅಕೌಂಟ್ಸ್ ಆಮೇಲೆ. ಆಡಿಟ್ ಟ್ರೇಲ್ (ಲೆಕ್ಕದಲ್ಲಿ ಯಾವಾಗ ಏನು ತಿದ್ದಿದ್ರು ಅನ್ನೋ ದಾಖಲೆ) ಬೇರೆ ಈಗ ಕಡ್ಡಾಯ.

ಲೆಕ್ಕದ_ಪುಸ್ತಕ: ಕಡ್ಡಾಯ ಯಾರಿಗೆ ಸಾರ್? 2023ರ ಏಪ್ರಿಲ್ 1ರಿಂದ ಬಂದಿರೋದು ಕಂಪನಿಗಳ ನಿಯಮ. ಪಾಲುದಾರಿಕೆ ಫರ್ಮಿಗೂ ಇಲ್ಲ, ಪ್ರೊಪ್ರೈಟರ್‌ಗೂ ಇಲ್ಲ. ಹೆದರಿಸಿ ಸಾಫ್ಟ್‌ವೇರ್ ಮಾರಬೇಡಿ.

ಪೀಣ್ಯ_ಟರ್ನರ್: ನಾನು ಏನನ್ನೂ ಮಾರ್ತಿಲ್ಲ! ಸಣ್ಣ ಶಾಪ್‌ಗಳಲ್ಲಿ ಪ್ರೈವೇಟ್ ಲಿಮಿಟೆಡ್ ಇಲ್ವೇನ್ರೀ? ಅದಕ್ಕೆ ವಹಿವಾಟಿನ ಮಿತಿಯೇ ಇಲ್ಲ.

ಲೆಕ್ಕದ_ಪುಸ್ತಕ: ಪ್ರೈವೇಟ್ ಲಿಮಿಟೆಡ್ ಆದ್ರೆ ಟ್ಯಾಲಿಯ ಎಡಿಟ್ ಲಾಗ್ ಆವೃತ್ತಿ ಹಾಕ್ಕೊಳ್ಳಿ, ಮುಗೀತು. ಅದಕ್ಕೆ ಇಆರ್‌ಪಿ ಯಾಕೆ?

ಸ್ಟೋರ್ಸ್_ಶೆಟ್ರು: ಕಾನೂನು ಬಿಡ್ರಪ್ಪ. ಇಆರ್‌ಪಿ ಕೆಡೋದು ಬಿಒಎಂನಲ್ಲಿ, ಅಂದ್ರೆ ಒಂದು ಪೀಸಿಗೆ ಎಷ್ಟು ಮಾಲು ಬೇಕು ಅನ್ನೋ ಪಟ್ಟಿಯಲ್ಲಿ. 25 ಎಂಎಂ ದುಂಡು ಉಕ್ಕಿನ ರಾಡ್ ತಗೊಳ್ಳಿ, ತೂಕದ ಸೂತ್ರ: 25ರ ವರ್ಗ ಭಾಗಿಸು 162, ಮೀಟರಿಗೆ 3.86 ಕೆಜಿ. ಪೀಸ್ 60 ಎಂಎಂ ಅಂತ ಡ್ರಾಯಿಂಗ್ ನೋಡಿ ಹಾಕ್ತಾರೆ, ಪೀಸ್ ಕತ್ತರಿಸುವಾಗ ಪಾರ್ಟಿಂಗ್ ಟೂಲ್ ತಿನ್ನೋ 3 ಎಂಎಂ ಮರೀತಾರೆ. ಸಾವಿರ ಪೀಸಿಗೆ ಹನ್ನೊಂದೂವರೆ ಕೆಜಿ ಸ್ಕ್ರೀನಿನಲ್ಲಿ ಇರುತ್ತೆ, ರ‍್ಯಾಕಿನಲ್ಲಿ ಇರಲ್ಲ. ತುಂಡು ಉಳಿಯೋದು ಬೇರೆ. ಸ್ಟಾಕ್ ಇದೆ ಅಂತ ಸಿಸ್ಟಮ್ ಪರ್ಚೇಸ್ ಎಬ್ಬಿಸಲ್ಲ, ಮಷಿನ್ ನಿಲ್ಲುತ್ತೆ.

ಲೆಕ್ಕದ_ಪುಸ್ತಕ: "ಇಆರ್‌ಪಿ ಕೆಡೋದು" ಅಂತ ಶೆಟ್ರೇ ಹೇಳಿದ್ರಲ್ಲ. ಇದೇ ಲೆಕ್ಕ ಎಕ್ಸೆಲ್‌ನಲ್ಲಿ ಒಂದು ಕಾಲಂ.

ಪೀಣ್ಯ_ಟರ್ನರ್: ಎಕ್ಸೆಲ್ ವರ್ಷ ತುಂಬ್ತು ಅಂತ ತಾನಾಗಿ ಎಚ್ಚರಿಸುತ್ತಾ? ಜಾಬ್ ವರ್ಕ್‌ಗೆ ಕಳಿಸಿದ ಮಾಲು ಒಂದು ವರ್ಷದಲ್ಲಿ ವಾಪಸ್ ಬರದಿದ್ರೆ ಕಳಿಸಿದ ದಿನವೇ ಮಾರಿದ ಹಾಗೆ. ತೆರಿಗೆ, ಮೇಲೆ ಬಡ್ಡಿ. ಅದನ್ನ ಯಾರು ಕಟ್ತಾರೆ, ನಿಮ್ಮ ಕಾಲಮ್ಮಾ?

ಲೆಕ್ಕದ_ಪುಸ್ತಕ: ದನಿ ಏರಿಸಬೇಡಿ. ಟ್ಯಾಲಿಯಲ್ಲೂ ಮೆಟೀರಿಯಲ್ ಔಟ್, ಮೆಟೀರಿಯಲ್ ಇನ್ ವೋಚರ್ ಇವೆ. ಜಾಬ್ ವರ್ಕ್ ಆಯ್ಕೆ ಆನ್ ಮಾಡಿ ನೋಡಿ.

ಹೊಸ_ಫೌಂಡ್ರಿ: ಆ ವೋಚರ್ ಹಾಕೋರು ಯಾರು? ಮಾಲು ಗೇಟಿನಿಂದ ಹೋಗುತ್ತೆ, ಟ್ಯಾಲಿ ಅಕೌಂಟೆಂಟ್ ಟೇಬಲ್ ಮೇಲಿರುತ್ತೆ. ಚಲನ್ ಪ್ರಿಂಟ್ ಗೇಟಿನಲ್ಲೇ ಆಗಬೇಕು, ಪ್ರಿಂಟ್ ಇಲ್ಲದೆ ಗಾಡಿ ಬಿಡಬಾರದು.

ಪೀಣ್ಯ_ಟರ್ನರ್: ನಾನು ಮೊದಲಿಂದ ಹೇಳ್ತಿರೋದೂ ಅದೇ.

ಲೆಕ್ಕದ_ಪುಸ್ತಕ: ಇಲ್ಲ, ನೀವು ಹೇಳಿದ್ದು ಆಡಿಟ್ ಟ್ರೇಲ್ ಕಡ್ಡಾಯ ಅಂತ. ಪ್ರೊಪ್ರೈಟರ್‌ಗೆ ಇಲ್ಲ ಅನ್ನೋದನ್ನ ಇನ್ನೂ ಒಪ್ಪಿಲ್ಲ.