ಮೇಲಿನ ರೂಮಿನ ಹುಡುಗರಿಗೆ ಸೆಕ್ರೆನ್ಯಿ, ಅವತ್ತೇ ನಮಗೆ ಶಿವರಾತ್ರಿ. ಏನು ಮಾಡಲಿ?

ನರಸಾಪುರದ ಗೃಹಿಣಿ, 19 ಫೆಬ್ರವರಿ 2025

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ತಾಲ್ಲೂಕು, ನರಸಾಪುರದ ಪಕ್ಕದ ಹಳ್ಳಿ. ಫ್ಯಾಕ್ಟರಿಗಳು ಬಂದ ಮೇಲೆ ಊರವರೆಲ್ಲ ಮಾಡಿದಂತೆ ನಾವೂ ಮಹಡಿ ಮೇಲೆ ಎರಡು ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದೇವೆ. ಈಗ ಇರುವವರು ಮೂವರು ನಾಗಾ ಹುಡುಗರು. ಕೊಹಿಮಾ ಹತ್ತಿರದವರು, ಅಂಗಾಮಿ ಬುಡಕಟ್ಟಿನವರಂತೆ. ಒಳ್ಳೆಯ ಹುಡುಗರು. ಬಾಡಿಗೆ ಐದನೇ ತಾರೀಕು ದಾಟಿದ್ದಿಲ್ಲ. ಅವರ ಸೋಯಾ ಅಡುಗೆ ವಾಸನೆಗೆ ನಮ್ಮತ್ತೆ ಮೊದಮೊದಲು ಸೆರಗು ಮೂಗಿಗೆ ಒತ್ತಿಕೊಳ್ಳುತ್ತಿದ್ದರು. ಈಗ ನಮ್ಮ ಹುರುಳಿಕಾಳು ಬಸ್ಸಾರು ಕುದಿಯುತ್ತಿದ್ದರೆ ಆ ಹುಡುಗರೇ ಕೆಳಗಿಳಿದು ಬರುತ್ತಾರೆ.

ಮೊನ್ನೆ ರಾತ್ರಿ ಬಂದು ಮೂವರೂ ಬಾಗಿಲಲ್ಲಿ ನಿಂತರು. ಇದೇ 25ಕ್ಕೆ ಅವರ ಹೊಸ ವರ್ಷದ ಹಬ್ಬ ಶುರುವಂತೆ, ಸೆಕ್ರೆನ್ಯಿ. ಊರಿಗೆ ಹೋಗಲು ರಜೆ ಸಿಕ್ಕಿಲ್ಲ. ಕೇಳಿದ್ದು ಎರಡೇ. 26ರ ಬೆಳಗಿನ ಜಾವ ಯಾರೂ ಮುಟ್ಟದ ನೀರು ಬೇಕು. "ಮಲಗಿರುವ ನೀರು ಆಂಟಿ" ಅಂದ ಒಬ್ಬ. ಆಮೇಲೆ ಒಂದು ಹುಂಜ. ಅದನ್ನು ಕೊಯ್ಯುವುದಲ್ಲ, ಬರಿಗೈಯಲ್ಲಿ ಕತ್ತು ಹಿಸುಕುವುದು.

26 ಶಿವರಾತ್ರಿ! ಅತ್ತೆ ಅವತ್ತು ಒಂದು ತೊಟ್ಟು ನೀರೂ ಕುಡಿಯಲ್ಲ. ಅವರ ತಲೆ ಮೇಲೆ ಹುಂಜದ ಕತ್ತು ಹಿಸುಕಲು ಹೇಗೆ ಹೂಂ ಅನ್ನಲಿ?

ನೀರಿನದು ಇನ್ನೊಂದು ಕಥೆ. ನಮ್ಮ ಮನೆಯಲ್ಲಿ ನೀರು ಮಲಗೋದು ಸಂಪಿನಲ್ಲಿ. ತೋಟದ ಬಾವಿ ಎಷ್ಟೋ ವರ್ಷ ಒಣಗಿತ್ತು, ಕೆ.ಸಿ. ವ್ಯಾಲಿ ನೀರು ಕೆರೆಗೆ ಬಂದ ಮೇಲೆ ಒರತೆ ಕಂಡಿದೆ. ಆದರೆ ಅದು ಬೆಂಗಳೂರು ಬಳಸಿ, ಸಂಸ್ಕರಿಸಿ ಕಳಿಸಿದ ನೀರು. ಮೈ ಶುದ್ಧ ಮಾಡಿಕೊಳ್ಳುವ ಹಬ್ಬಕ್ಕೆ ಅದು ನಡೆಯುತ್ತಾ? ಗೊತ್ತಿದ್ದವರು ಹೇಳಿ.

ನಿವೃತ್ತ ಫೌಜಿ, ಗೌರಿಬಿದನೂರು

ತಾಯಿ, ನಾನು ಕೊಹಿಮಾದಲ್ಲಿ ಮೂರು ವರ್ಷ ಡ್ಯೂಟಿ ಮಾಡಿದವನು. ಹಬ್ಬ ಹತ್ತು ದಿನ. ಅವರ ಕೆಝೈ ತಿಂಗಳ 25ನೇ ದಿನ ಶುರುವಾಗುತ್ತದೆ. ಹಿಂದಿನ ಕಟ್ಟಳೆ ಪ್ರಕಾರ ಅಷ್ಟೂ ದಿನ ಯಾರೂ ಹೊಲಕ್ಕೆ ಇಳಿಯುವಂತಿಲ್ಲ. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಲ್ಲ ಅಲ್ವಾ, ಹಾಗೆ.

ನೀರಿನ ಶಾಸ್ತ್ರವೇ ಮುಖ್ಯ. ಹಿಂದಿನ ರಾತ್ರಿ ಇಬ್ಬರು ಹುಡುಗರು ಊರ ಬಾವಿ ತೊಳೆದು ಕಾವಲು ಕೂರುತ್ತಾರೆ. ತೊಳೆದ ಮೇಲೆ ಹೆಂಗಸರು ಅಲ್ಲಿ ನೀರು ಸೇದುವಂತಿಲ್ಲ. ಬೆಳಗಿನ ಜಾವ ಗಂಡಸರು ಹೋಗಿ, ಒಂದು ಬಿಳಿ ಒಂದು ಕಪ್ಪು ಹೊಸ ಶಾಲು ಹೊದ್ದು, ಎದೆ, ಮಂಡಿ, ಬಲತೋಳಿಗೆ ನೀರು ಚಿಮುಕಿಸಿಕೊಳ್ಳುತ್ತಾರೆ. ಕಷ್ಟ, ಕಾಯಿಲೆ ಎಲ್ಲ ತೊಳೆದುಹೋಯಿತು ಅಂತ. ಮನೆಗೆ ಬಂದ ಮೇಲೆ ಹುಂಜ. ಅದು ಬೀಳುವಾಗ ಬಲಗಾಲು ಎಡಗಾಲಿನ ಮೇಲೆ ಬಂದರೆ ಶಕುನ ಒಳ್ಳೆಯದು. ಕರುಳು ಹೊರಗೆ ನೇತುಹಾಕುತ್ತಾರೆ, ಊರ ಹಿರಿಯರು ಬಂದು ನೋಡುತ್ತಾರೆ. ಅದೊಂದನ್ನು ಅತ್ತೆಗೆ ಈಗಲೇ ಹೇಳಬೇಡಿ.

ಇನ್ನೊಂದು. ಮೊದಲ ದಿನ ಮನೆಯ ಹೆಂಗಸು ಗಡಿಗೆಯ ಮೇಲಿನ ಅಕ್ಕಿ ನೀರನ್ನು ನಾಲ್ಕು ಹನಿ ಎಲೆಗೆ ಹಾಕಿ, ಮನೆಯ ಮೂರು ಮುಖ್ಯ ಕಂಬಗಳ ಹತ್ತಿರ ಇಡಬೇಕು. ನಿಮ್ಮ ಹುಡುಗರಿಗೆ ಅಲ್ಲಿ ಹೆಂಗಸರು ಯಾರಿದ್ದಾರೆ?

ಕೆಜಿಎಫ್ ಎಕ್ಸ್‌ಪ್ರೆಸ್

ಅಕ್ಕಾ, ಸುಮ್ನೆ ಕೋಲಾರ ಬೆಟ್ಟದ ಅಂತರಗಂಗೆಗೆ ಕಳಿಸಿ. ಬಸವನ ಬಾಯಿಂದ ಬರೋ ನೀರು ಎಂದೂ ನಿಂತಿಲ್ಲ ಅಂತಾರೆ.

ನಿವೃತ್ತ ಫೌಜಿ, ಗೌರಿಬಿದನೂರು

ಶಿವರಾತ್ರಿ ದಿನವಾ? ಯಾರೂ ಮುಟ್ಟದ ನೀರು ಬೇಕು ಕಣಪ್ಪ, ಜಾತ್ರೆ ಅಲ್ಲ.

ಚಿಂತಾಮಣಿ ಮೇಷ್ಟ್ರು

ಒಂದು ತಿದ್ದುಪಡಿ. ಇದು ಎಲ್ಲ ನಾಗಾ ಜನರ ಹಬ್ಬ ಅಲ್ಲ, ಅಂಗಾಮಿಗಳದ್ದು. ಇನ್ನೊಂದು ನಾಗಾ ಬುಡಕಟ್ಟಾದ ಕೊನ್ಯಾಕರ ಹೊಸ ವರ್ಷ ಆವೊಲಿಂಗ್ ಏಪ್ರಿಲ್‌ನಲ್ಲಿ ಬರುತ್ತದೆ. ಮುಂದೆ ಬೇರೆ ಹುಡುಗರು ಬಂದರೆ ಫೆಬ್ರವರಿಯಲ್ಲೇ ಹುಂಜ ಹುಡುಕಬೇಡಿ! ಅಂಗಾಮಿಗಳಲ್ಲಿ ಈಗ ಬಹಳ ಮಂದಿ ಕ್ರೈಸ್ತರು. ಹಾಡು, ಊಟ, ಶಾಲು ಇಟ್ಟುಕೊಂಡು ಹುಂಜದ ಶಾಸ್ತ್ರ ಬಿಟ್ಟವರೂ ಇದ್ದಾರೆ. ಹಾಗಾಗಿ ಬೇಡ ಅನ್ನುವ ಮೊದಲು ಅವರನ್ನೇ ಕೇಳಿ, ಬಿಡಲಾಗದ್ದು ಯಾವುದು ಅಂತ. ಬಾವಿ ನೀರು ಚಿಮುಕಿಸಿಕೊಳ್ಳಲು ಸಾಕು, ಕುಡಿಯುವುದು ಬೇಡ.

ನರಸಾಪುರದ ಗೃಹಿಣಿ, 1 ಮಾರ್ಚ್ 2025

ಎಲ್ಲರಿಗೂ ಥ್ಯಾಂಕ್ಸ್. ಆದದ್ದು ಹೇಳುತ್ತೇನೆ.

ಮೇಷ್ಟ್ರು ಹೇಳಿದಂತೆ ಕೇಳಿದೆ. ನೀರು ಬಿಡಲಾಗದು, ಹುಂಜವನ್ನು ವೇಮಗಲ್‌ನಲ್ಲಿರುವ ಸ್ನೇಹಿತರ ರೂಮಿನಲ್ಲಿ ಮಾಡಿಕೊಳ್ಳುತ್ತೇವೆ ಅಂದರು. ನೀರು ಬೆಂಗಳೂರಿಂದ ಬಂದದ್ದು ಅಂತಲೂ ಹೇಳಿಬಿಟ್ಟೆ. ಮುಚ್ಚಿಡಲು ಮನಸ್ಸಾಗಲಿಲ್ಲ. ದೊಡ್ಡ ಹುಡುಗ ನಕ್ಕು, "ನಾವೂ ಬೆಂಗಳೂರಿಂದಲೇ ಇಲ್ಲಿಗೆ ಬಂದಿದ್ದು ಆಂಟಿ" ಅಂದ.

25ರ ಸಂಜೆ ಬಾವಿ ಕಟ್ಟೆಯ ಕಸ ತೆಗೆದು, ಪಾಚಿ ಉಜ್ಜಿದರು. ರಾತ್ರಿಯೆಲ್ಲ ಇಬ್ಬರು ಕಂಬಳಿ ಹೊದ್ದು ಕೂತಿದ್ದರು. ಅತ್ತೆ ಕಿಟಕಿಯಿಂದ ನೋಡಿ, "ಇವರದೂ ಜಾಗರಣೆನೇ ಕಣೇ, ನಮಗಿಂತ ಒಂದು ದಿನ ಮುಂಚೆ" ಅಂದರು. ಬೆಳಿಗ್ಗೆ ನಾನು ಮೋಟಾರು ಹಾಕಲಿಲ್ಲ, ಹೆಣ್ಣುಮಕ್ಕಳು ಯಾರೂ ತೋಟದ ಕಡೆ ಹೋಗಲಿಲ್ಲ.

ಫೌಜಿ ಸಾರ್, ನಿಮ್ಮ ಕಂಬದ ಮಾತು ನಿಜವಾಯಿತು. 25ರ ಬೆಳಿಗ್ಗೆ ಚಿಕ್ಕವನು ಸ್ಟೀಲ್ ಚೊಂಬಿನಲ್ಲಿ ಅಕ್ಕಿ ನೀರು ಹಿಡಿದು ನಮ್ಮ ಅಡುಗೆಮನೆ ಬಾಗಿಲಿಗೆ ಬಂದ. ಅವನ ಅಮ್ಮ ಫೋನಿನಲ್ಲಿ ತೋರಿಸುತ್ತಿದ್ದರು, ನನಗೆ ಅವರ ಮಾತು ಒಂದೂ ತಿಳಿಯಲಿಲ್ಲ, ಕೈ ಮಾತ್ರ ಅರ್ಥವಾಯಿತು. ಬಾಳೆಲೆ ಚೂರಿನಲ್ಲಿ ನಾಲ್ಕು ನಾಲ್ಕು ಹನಿ ಹಾಕಿ ಮೂರು ಸಿಮೆಂಟ್ ಪಿಲ್ಲರ್ ಹತ್ತಿರ ಇಟ್ಟೆ. ಅಭ್ಯಾಸಬಲ ನೋಡಿ, ಕೈ ತಾನಾಗೇ ಅರಿಶಿನ ಕುಂಕುಮಕ್ಕೆ ಹೋಗಿತ್ತು. ತಡೆದುಕೊಂಡೆ.

ನಿನ್ನೆ ಅತ್ತೆ ಹುಡುಗರನ್ನು ನಿಲ್ಲಿಸಿ ಕೇಳಿದರು, "ಯಾವ ಕಾಲು ಮೇಲೆ ಬಿತ್ತು?" ಬಲಗಾಲಂತೆ. ಖುಷಿಯಾಗಿ ಯುಗಾದಿ ಮಾರನೇ ದಿನದ ಹೊಸತೊಡಕಿಗೆ ನಮ್ಮ ಹಿತ್ತಲ ಹುಂಜದ ಊಟಕ್ಕೆ ಕರೆದುಬಿಟ್ಟರು. ಆಮೇಲೆ ಕ್ಯಾಲೆಂಡರ್ ನೋಡಿದರೆ ಈ ಸಲ ಹೊಸತೊಡಕು ಸೋಮವಾರ. ನಮ್ಮನೆಯಲ್ಲಿ ಸೋಮವಾರ ಬಾಡು ಮುಟ್ಟಲ್ಲ, ಮಂಗಳವಾರ ಬನ್ನಿ ಅಂದೆ. ಹಬ್ಬ ಒಂದು ದಿನ, ಅದರ ಊಟ ಇನ್ನೊಂದು ದಿನ ಯಾಕೆ ಅಂತ ಮೂವರೂ ನನ್ನ ಮುಖ ನೋಡುತ್ತಿದ್ದಾರೆ.