ಸಿಬಿಡಿ ಎಣ್ಣೆ ಅಂಗಡಿಯಲ್ಲಿ ಸಿಗುತ್ತೆ, ಹೆಂಪ್ ಯಾಕೆ ಬೆಳೆಯಬಾರದು?

ಪ್ರಶ್ನೆ: ವಕೀಲರೇ, ನಮಸ್ಕಾರ. ಹಾಸನದ ಹತ್ತಿರ ಎರಡು ಎಕರೆ ಇದೆ. ಟಿಎಚ್‌ಸಿ (ಅಮಲು ಬರಿಸುವ ಅಂಶ) ಶೇ 0.3ಕ್ಕಿಂತ ಕಡಿಮೆ ಇದ್ದರೆ ಅದು ಹೆಂಪ್, ಗಾಂಜಾ ಅಲ್ಲ, ಧೈರ್ಯವಾಗಿ ಹಾಕಿ ಅಂತ ಬೀಜ ಮಾರುವವರು ಹೇಳ್ತಿದ್ದಾರೆ. ನಿಜವೇ?

ಉತ್ತರ (ವಕೀಲರು): ದಯವಿಟ್ಟು ಹಾಕಬೇಡಿ. ಆ 0.3 ಅನ್ನುವ ಅಂಕಿ ನಮ್ಮ 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಅದು ಅಮೆರಿಕದ 2018ರ ಫಾರ್ಮ್ ಬಿಲ್‌ನದು. ಉತ್ತರಾಖಂಡ ಸರ್ಕಾರ ಪರವಾನಗಿ ಕೊಡುವಾಗಲೂ ಅದನ್ನೇ ಮಿತಿ ಮಾಡಿಕೊಂಡಿದೆ. ನಮ್ಮ ಕಾಯ್ದೆಯ 2ನೇ ಕಲಂ ಪ್ರಕಾರ ಕ್ಯಾನಬಿಸ್ (ಗಾಂಜಾ-ಹೆಂಪ್) ಕುಲದ ಯಾವ ಗಿಡವಾದರೂ ಒಂದೇ. 8ನೇ ಕಲಂ ಅದನ್ನು ಬೆಳೆಯುವುದನ್ನೇ ನಿಷೇಧಿಸುತ್ತದೆ. 20ನೇ ಕಲಂನಲ್ಲಿ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ಲ್ಯಾಬ್ ರಿಪೋರ್ಟ್ ತೋರಿಸಿದರೆ ಕೇಸು ಬಿದ್ದುಹೋಗುವುದಿಲ್ಲ. ನಾರು, ಬೀಜಕ್ಕಾಗಿ ಅನುಮತಿ ಕೊಡಲು 14ನೇ ಕಲಂನಲ್ಲಿ ಸರ್ಕಾರಕ್ಕೆ ಅಧಿಕಾರವಿದೆ. ಆದರೆ ಸರ್ಕಾರದ ಆದೇಶ ಮೊದಲು, ಬಿತ್ತನೆ ಆಮೇಲೆ.

ಇನ್ನೊಬ್ಬ ಸದಸ್ಯರು: ಹಾಗಿದ್ದರೆ ಅದೇ ಗಿಡದ, ಅಮಲು ಬರಿಸದ ಅಂಶವಾದ ಸಿಬಿಡಿಯ ಎಣ್ಣೆ ರಾಜಾರೋಷವಾಗಿ ಮಾರಾಟವಾಗ್ತಿದೆಯಲ್ಲ ಸರ್?

ಉತ್ತರ (ವಕೀಲರು): ಎಲೆಯ ದೆಸೆಯಿಂದ; ಅದು ಎಲೆಯ ಸಾರ ಎಂಬ ನೆಲೆಯಲ್ಲೇ ಮಾರುತ್ತಾರೆ. ಮಾದಕ ವಸ್ತುಗಳ ಕುರಿತ 1961ರ ಅಂತರರಾಷ್ಟ್ರೀಯ ಒಪ್ಪಂದವು ಹೂ-ಕಾಯಿ ಮೂಡಿದ ತುದಿಯನ್ನೇ ಕ್ಯಾನಬಿಸ್ ಎಂದು ಹಿಡಿದು, ತುದಿ ಜೊತೆಗಿಲ್ಲದ ಎಲೆ ಮತ್ತು ಬೀಜವನ್ನು ವ್ಯಾಖ್ಯಾನದಿಂದ ಹೊರಗಿಟ್ಟಿತು. 1985ರ ಕಾಯ್ದೆ ಗಾಂಜಾಕ್ಕೆ ಅದೇ ವ್ಯಾಖ್ಯಾನ ಕೊಟ್ಟಿತು. ಎಲೆಯಿಂದ ಮಾಡುವ ಭಂಗಿ (ಭಾಂಗ್) ನಿಷೇಧದಿಂದ ಉಳಿದದ್ದೂ ಹಾಗೆಯೇ. 2022ರಲ್ಲಿ ನಮ್ಮ ಹೈಕೋರ್ಟ್ ಒಂದು ಜಾಮೀನು ಆದೇಶದಲ್ಲಿ ಇದನ್ನೇ ಎತ್ತಿ ಹಿಡಿಯಿತು. ಹಾಗಂತ ಮೈಮರೆಯಬೇಡಿ. ಚೀಲದಲ್ಲಿ ಎಲೆಯ ಜೊತೆ ಹೂ ತುದಿ ಬೆರೆತಿದ್ದರೆ ಒಟ್ಟು ತೂಕವೇ ಮಹಜರಿಗೆ ಹೋಗುತ್ತದೆ. ಬೇರ್ಪಡಿಸಿ ತೂಗಿಲ್ಲ ಅಂತ ವಾದಿಸುವುದು ನಂತರದ ಮಾತು, ಅಷ್ಟರಲ್ಲಿ ಆಸಾಮಿ ಒಳಗಿರುತ್ತಾನೆ.

ಹೊರದೇಶದಿಂದ ಕೊರಿಯರ್‌ನಲ್ಲಿ ತರಿಸುವ ‘ಫುಲ್ ಸ್ಪೆಕ್ಟ್ರಮ್’ (ಟಿಎಚ್‌ಸಿಯೂ ಸೇರಿ ಗಿಡದ ಎಲ್ಲ ಅಂಶಗಳಿರುವ) ಎಣ್ಣೆ ಸಾಮಾನ್ಯವಾಗಿ ಹೂವಿನದು. ಅಲ್ಲಿ ಎಲೆಯ ವಾದ ನಿಲ್ಲುವುದಿಲ್ಲ, ಆಮದಿನ ಅಪರಾಧವೂ ಸೇರುತ್ತದೆ. ಸುಪ್ರೀಂ ಕೋರ್ಟ್‌ನ 2020ರ ಹೀರಾ ಸಿಂಗ್ ತೀರ್ಪಿನ ನಂತರ ಬೆರೆಸಿದ ಎಣ್ಣೆಯ ತೂಕವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಉತ್ತರ (ಆಯುರ್ವೇದ ಔಷಧ ತಯಾರಕರು): ಎಲೆಯ ಸಾರ ತಯಾರಿಸಿ ಮಾರುವವರಿಗೆ ಆಯುರ್ವೇದ ಔಷಧ ತಯಾರಿಕಾ ಲೈಸೆನ್ಸ್ ಇರಲೇಬೇಕು. ಔಷಧ ನಿಯಮಗಳ ಇ(1) ಅನುಸೂಚಿಯಲ್ಲಿ, ಅಂದರೆ ವಿಷಕಾರಿ ದ್ರವ್ಯಗಳ ಪಟ್ಟಿಯಲ್ಲಿ, ವತ್ಸನಾಭಿ, ದತ್ತೂರಿಗಳ ಸಾಲಿನಲ್ಲೇ ಭಂಗಾ (ಭಂಗಿ) ಇದೆ. ಹಾಗಾಗಿ ಹೊಟ್ಟೆಗೆ ಕೊಡುವ ಔಷಧವಾದರೆ ‘ವೈದ್ಯರ ನಿಗಾದಲ್ಲಿ ಸೇವಿಸಿ’ ಎಂಬ ಎಚ್ಚರಿಕೆ ಲೇಬಲ್ ಮೇಲೆ ಕಡ್ಡಾಯ. ಅದಿಲ್ಲದ ಬಾಟಲಿ ಮುಟ್ಟಬೇಡಿ. ಲೈಸೆನ್ಸ್ ನಂಬರ್, ಗಿಡದ ಯಾವ ಭಾಗ, ಆ ಬ್ಯಾಚಿನದೇ ಲ್ಯಾಬ್ ವರದಿ: ಮೂರನ್ನೂ ಕೇಳಿ.

ಹೆಂಪ್ ಬೀಜದ ಎಣ್ಣೆ ಬೇರೆಯೇ. ಅದು 2021ರ ಕೊನೆಯಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಒಪ್ಪಿದ ಆಹಾರ. ಎಣ್ಣೆಯಲ್ಲಿ ಟಿಎಚ್‌ಸಿ ಕೆಜಿಗೆ 10 ಮಿಲಿಗ್ರಾಂ, ಬೀಜದಲ್ಲಿ 5 ಮೀರುವಂತಿಲ್ಲ. ಸಿಬಿಡಿ 75 ಮೀರುವಂತಿಲ್ಲ. ಲೆಕ್ಕ ಹಾಕಿ: 30 ಎಂಎಲ್ ಬಾಟಲಿಯಲ್ಲಿ ಹೆಚ್ಚೆಂದರೆ 2 ಮಿಲಿಗ್ರಾಂ ಸಿಬಿಡಿ. ಎಫ್‌ಎಸ್‌ಎಸ್‌ಎಐ ನಂಬರ್ ಹಾಕಿ, ಪಕ್ಕದಲ್ಲೇ ‘1000 ಮಿಲಿಗ್ರಾಂ ಸಿಬಿಡಿ’ ಅಂತ ಬರೆದಿದ್ದರೆ ಎರಡರಲ್ಲಿ ಒಂದು ಸುಳ್ಳು.